ಒಂದೇ ಮಷೀನ್‌ನಲ್ಲಿ ಮೈಎಸ್‌ಕ್ಯೂಎಲ್ 5.7 ಮತ್ತು 8.0: ಯಾವ ಪೋರ್ಟ್ ಕೊಟ್ಟರೂ 8.0ಕ್ಕೇ ಹೋಗುತ್ತಿದೆ, ಯಾಕೆ?

ಲ್ಯಾಬ್‌ಮೇಡಂ ಕೇಳಿದ್ದು

ನಮಸ್ಕಾರ. ತಿಪಟೂರು ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಲ್ಯಾಬ್ ಮಷೀನ್‌ಗೆ ನೆಟ್ ಇಲ್ಲ, ಫೋನಿನಲ್ಲಿ ಕುಟ್ಟುತ್ತಿದ್ದೇನೆ, ಹಾಗಾಗಿ ಕಮಾಂಡ್‌ಗಳೂ ಕನ್ನಡದಲ್ಲೇ ಇವೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಆಫೀಸಿನಲ್ಲಿ ಇಂಟರ್ನಲ್ ಮಾರ್ಕ್ಸ್ ಹಾಕುವ ಒಂದು ಪಿಎಚ್‌ಪಿ ಸಾಫ್ಟ್‌ವೇರ್ ಇದೆ. 2014ರಲ್ಲಿ ನಮ್ಮ ಹುಡುಗನೇ ಒಬ್ಬ ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಮಾಡಿಕೊಟ್ಟು ಹೋದದ್ದು. ಆಗ ಉಬುಂಟು ಲಿನಕ್ಸ್ 14.04, ಮೈಎಸ್‌ಕ್ಯೂಎಲ್ ಡೇಟಾಬೇಸ್ 5.5. 2019ರಲ್ಲಿ ಮಷೀನ್ ಬದಲಾಯಿಸಿದಾಗ 18.04 ಹಾಕಿ 5.7ಕ್ಕೆ ತಂದೆ. ಹೋದ ತಿಂಗಳು ಅದರ ಹಾರ್ಡ್ ಡಿಸ್ಕ್ ಕರಕರ ಅನ್ನೋಕೆ ಶುರು ಮಾಡಿತು. ಪುಣ್ಯಕ್ಕೆ ಡಂಪ್ (ಡೇಟಾ ಪೂರ್ತಿ ಒಂದು ಫೈಲಿನಲ್ಲಿ) ತೆಗೆದಿಟ್ಟುಕೊಂಡೆ. ಈಗ ಬಂದಿರುವುದು 8 ಜಿಬಿ ರ‍್ಯಾಮಿನ ಹೊಸ ಮಷೀನ್, ಉಬುಂಟು 22.04. ಇದರಲ್ಲಿ ಆಪ್ಟ್-ಗೆಟ್ ಮಾಡಿದರೆ ಬರುವುದು 8.0 ಮಾತ್ರ.

ಹಾಕಿ ನೋಡಿದೆ. ಪಿಎಚ್‌ಪಿ 8.1ಕ್ಕೆ ಅಲ್ಲಲ್ಲಿ ತೇಪೆ ಹಾಕಿದ ಮೇಲೆ ಎಲ್ಲ ಪುಟಗಳೂ ತೆರೆದವು, ರ‍್ಯಾಂಕ್ ಲಿಸ್ಟ್ ಒಂದು ಬಿಟ್ಟು. ಅದಕ್ಕೆ 1064 ಎರರ್. ಹುಡುಕಿದರೆ ಆ ಪುಣ್ಯಾತ್ಮ ಟೇಬಲ್ಲಿನ ಕಾಲಂಗೆ ಇಟ್ಟಿರುವ ಹೆಸರೇ ರ‍್ಯಾಂಕ್! 8.0ರಲ್ಲಿ ಅದು ಮೀಸಲು ಪದ. ಇನ್ನೂ ಚೆಂದ ಕೇಳಿ: ಈ ಸಲ ಬಿಸಿಎ ಮಕ್ಕಳಿಗೆ ಲ್ಯಾಬಿನಲ್ಲಿ ಕಲಿಸಬೇಕಾಗಿರುವುದೂ ಅದೇ ರ‍್ಯಾಂಕ್. ವಿಂಡೋ ಫಂಕ್ಷನ್‌ಗಳ (ಸಾಲುಗಳನ್ನು ಹೋಲಿಸಿ ಲೆಕ್ಕ ಮಾಡುವಂಥವು) ನಮ್ಮ ಪಟ್ಟಿಯಲ್ಲಿ ಮೊದಲನೆಯದು. 5.7ರಲ್ಲಿ ಅದು ಇಲ್ಲವೇ ಇಲ್ಲ. ಅಂದರೆ ಮಕ್ಕಳಿಗೆ 8.0 ಬೇಕು, ಆಫೀಸಿಗೆ 5.7 ಬೇಕು, ಮಷೀನ್ ಒಂದೇ.

ಕಾಲಂ ಹೆಸರಿನ ಆಚೀಚೆ ಬ್ಯಾಕ್‌ಟಿಕ್ ಚಿಹ್ನೆ ಹಾಕಿ ಸರಿ ಮಾಡಿ ಅನ್ನುವವರಿಗೆ ಮೊದಲೇ ಹೇಳುತ್ತೇನೆ: ಅರವತ್ತು ಚಿಲ್ಲರೆ ಫೈಲ್, ಪ್ರತಿಯೊಂದರಲ್ಲೂ ಎಸ್‌ಕ್ಯೂಎಲ್ಲನ್ನು ತುಂಡು ತುಂಡಾಗಿ ಚುಕ್ಕಿ ಹಾಕಿ ಜೋಡಿಸಿದ್ದಾನೆ. ಇಂಟರ್ನಲ್ಸ್ ಮುಂದಿನ ಸೋಮವಾರ. ಈಗ ಅದಕ್ಕೆ ಕೈ ಹಾಕಲ್ಲ.

ಹಾಗಾಗಿ 8.0 ಇದ್ದ ಹಾಗೇ ಬಿಟ್ಟು, 5.7.44ರ ಟಾರ್ ಫೈಲ್ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದೆ. ಒಪಿಟಿ ಫೋಲ್ಡರ್‌ನಲ್ಲಿ ಬಿಚ್ಚಿದೆ. ಲಿಬ್‌ಎಐಓ1 ಇಲ್ಲ ಅಂತು, ತಂದು ಹಾಕಿದೆ. ಕ್ಲೈಂಟ್ ಲಿಬ್‌ಟಿನ್ಫೋ5 ಇಲ್ಲ ಅಂತು, ಅದನ್ನೂ ತಂದೆ (ಪ್ರತಿ ಸಲವೂ ಮನೆಗೆ ಹೋಗಿ ಬರಬೇಕು, ಒಂದೂವರೆ ಕಿಲೋಮೀಟರ್). ಆಮೇಲೆ ಸರ್ವರ್ ಏಳುವಾಗಲೇ "ಮೈಎಸ್‌ಕ್ಯೂಎಲ್‌ಎಕ್ಸ್ ಬೈಂಡ್ ಅಡ್ರೆಸ್ ಅನ್ನುವ ವೇರಿಯಬಲ್ ಗೊತ್ತಿಲ್ಲ" ಅಂತ ಬಿದ್ದುಹೋಯಿತು. ಅರ್ಧ ದಿನ ಕಳೆದ ಮೇಲೆ ಹೊಳೆಯಿತು, ಅದು ಓದುತ್ತಿರುವುದು 8.0ರ ಕಾನ್ಫಿಗ್ ಫೈಲನ್ನು! ಇದಕ್ಕೆ ಬೇರೆಯೇ ಕಾನ್ಫಿಗ್ ಬರೆದು ಡಿಫಾಲ್ಟ್ಸ್-ಫೈಲ್ ಅಂತ ಕೊಟ್ಟೆ. ಅದೂ ಕಮಾಂಡಿನಲ್ಲಿ ಮೊಟ್ಟಮೊದಲು ಬರಬೇಕಂತೆ, ಎರಡನೆಯದಾಗಿ ಕೊಟ್ಟರೆ ಒಪ್ಪಲ್ಲ. ಪೋರ್ಟ್ 3307, ಡೇಟಾ ಫೋಲ್ಡರ್ ಬೇರೆ, ಸಾಕೆಟ್ ಫೈಲ್ ಬೇರೆ. ಎದ್ದಿತು. ಎಸ್‌ಎಸ್ ಕಮಾಂಡಿನಲ್ಲಿ ನೋಡಿದರೆ 3306, 3307, 33060 ಮೂರೂ ಕಾಣುತ್ತವೆ.

ಈಗ ಅಸಲಿ ಕಥೆ. ಸುಡೋ ಮೈಎಸ್‌ಕ್ಯೂಎಲ್, ಡ್ಯಾಶ್ ಯು ರೂಟ್, ಡ್ಯಾಶ್ ಸಣ್ಣ ಪಿ, ಡ್ಯಾಶ್ ದೊಡ್ಡ ಪಿ 3307 ಅಂತ ಹೊಡೆದೆ. ಪಾಸ್‌ವರ್ಡ್ ಕೇಳಿತು, 5.7ರ ಲಾಗ್‌ನಲ್ಲಿ ಬಂದಿದ್ದ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟೆ, ಒಳಗೆ ಬಿಟ್ಟಿತು. ವರ್ಷನ್ ಕೇಳಿದರೆ 8.0 ಅನ್ನುತ್ತೆ! 3307ರ ಜಾಗದಲ್ಲಿ 3310 ಅಂತ ಇಲ್ಲದ ಪೋರ್ಟ್ ಕೊಟ್ಟೆ, ಆಗಲೂ 8.0. ಸಿಟ್ಟಿಗೆ ಪಾಸ್‌ವರ್ಡ್ ಜಾಗದಲ್ಲಿ ನಮ್ಮನೆ ನಾಯಿ ಹೆಸರು ಹೊಡೆದೆ. ಆಗಲೂ ಒಳಗೆ ಬಿಟ್ಟಿತು!

ಇದೇನು ದೆವ್ವವೋ, ನನ್ನ ತಪ್ಪೋ?

ಡಬ್ಬಿರಾಯ

ಅಕ್ಕಾ, ಇಷ್ಟೆಲ್ಲ ಒದ್ದಾಟ ಯಾಕೆ, ಡಾಕರ್ ಹಾಕಿ (ಸಾಫ್ಟ್‌ವೇರನ್ನು ಕಂಟೇನರ್ ಅನ್ನೋ ಅದರದೇ ಡಬ್ಬಿಯಲ್ಲಿ ಓಡಿಸೋದು). 5.7ರ ಇಮೇಜ್ ಸಿಗುತ್ತೆ, ಒಂದೇ ಕಮಾಂಡ್. ನೆಟ್ ಇರೋ ಕಡೆ ಇಮೇಜ್ ಇಳಿಸಿ, ಡಾಕರ್ ಸೇವ್ ಮಾಡಿ ಒಂದು ಟಾರ್ ಫೈಲ್ ಮಾಡಿಕೊಳ್ಳಿ, ಲ್ಯಾಬ್‌ನಲ್ಲಿ ಡಾಕರ್ ಲೋಡ್. ಪೋರ್ಟ್ ಕೊಡುವಾಗ ಬರೀ 3307:3306 ಅನ್ನಬೇಡಿ, ಮುಂದೆ 127.0.0.1 ಸೇರಿಸಿ. ಇಲ್ಲಾಂದ್ರೆ ಎಲ್ಲ ನೆಟ್‌ವರ್ಕ್ ಕಾರ್ಡ್‌ಗಳ ಮೇಲೂ ತೆರೆದುಕೊಳ್ಳುತ್ತೆ, ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದರೂ ತಡೆಯಲ್ಲ. ಡೇಟಾವನ್ನು ಡಬ್ಬಿಯ ಹೊರಗೆ ಇಡೋ ವಾಲ್ಯೂಮ್ ಮರೀಬೇಡಿ. ಕಂಟೇನರ್ ಅಳಿಸಿದ ದಿನ ಮಾರ್ಕ್ಸೂ ಹೋಗುತ್ತೆ.

ಹುಬ್ಬಳ್ಳಿಯಾಂವ

ಡಬ್ಬಿರಾಯರ, ಡಾಕರ್ ಛಲೋನ ಐತಿ, ಆದ್ರ ಅವರು ಎಲ್ಲಾ ಹಚ್ಚಿ ಮುಗಿಸ್ಯಾರ, ಕಡೀ ಮೆಟ್ಟಲದಾಗ ನಿಂತಾರ. ಈಗ ಇಳದ ಬಾ ಅಂದ್ರ ಹೆಂಗ?

ಮೇಡಮ್ಮರ, ದೆವ್ವ ಅಲ್ರಿ. ನಿಮ್ಮ ನಾಯಿನ ಉತ್ತರ ಹೇಳೇತಿ, ನೀವು ಕೇಳಿಸ್ಕೊಂಡಿಲ್ಲ.

ನೀವು ಹೋಸ್ಟ್ ಹೆಸರ ಕೊಟ್ಟಿಲ್ಲ. ಕೊಡಲಿಲ್ಲಂದ್ರ ಕ್ಲೈಂಟ್ ಲೋಕಲ್‌ಹೋಸ್ಟ್ ಅಂತ ತಿಳಕೋತೈತಿ. ಲಿನಕ್ಸ್‌ನ್ಯಾಗ ಮೈಎಸ್‌ಕ್ಯೂಎಲ್ ಕ್ಲೈಂಟ್‌ಗೆ ಲೋಕಲ್‌ಹೋಸ್ಟ್ ಅಂದ್ರ ನೆಟ್‌ವರ್ಕ್ ವಿಳಾಸ ಅಲ್ಲ, ಸಾಕೆಟ್ ಫೈಲ್, ಅದ ಮಷೀನಿನ ಒಳಗಿಂದೊಳಗ ಮಾತಾಡೂ ದಾರಿ. ಮನಿಗೆ ಮುಂಚಿ ಬಾಗಲಾ ಒಂದು, ಹಿತ್ತಲ ಬಾಗಲಾ ಒಂದು ಇರ್ತಾವಲ್ರಿ, ಹಂಗ. ಮನಿ ನಂಬರ್, ಅಂದ್ರ ಪೋರ್ಟ್, ಬರದಿರೂದು ಮುಂಚಿ ಬಾಗಲಕ್ಕ. ಹಿತ್ತಲದಿಂದ ಹೋಗೂವಂಗಿದ್ರ 3307 ಅನ್ರಿ, 3310 ಅನ್ರಿ, ಯಾರೂ ನಂಬರ್ ನೋಡೂದಿಲ್ಲ. ದೊಡ್ಡ ಪಿ ಕೊಟ್ಟದ್ದನ್ನ ಅದು ಸುಮ್ನ ಬಿಟ್ಟಬಿಡತೈತಿ, ಒಂದು ವಾರ್ನಿಂಗೂ ಇಲ್ಲ. ನೀವು ಹೊಡದ ಮೈಎಸ್‌ಕ್ಯೂಎಲ್ ಕಮಾಂಡ್ ಉಬುಂಟು ಹಾಕಿದ 8.0ರ ಕ್ಲೈಂಟ್. ಅದಕ್ಕ ಗೊತ್ತಿರೂ ಹಿತ್ತಲ ಒಂದ, ವಾರ್ ರನ್ ಮೈಎಸ್‌ಕ್ಯೂಎಲ್‌ಡಿ ಒಳಗಿಂದು. ಸೀದಾ 8.0ರ ಮನಿಗೆ ಹೋಗಿ ಕುಂತಿರಿ.

ಇನ್ನ ನಾಯಿ. ಉಬುಂಟುದಾಗ 8.0 ಹಾಕಿದ್ರ ರೂಟ್ ಯೂಸರ್‌ಗೆ ಆಥ್ ಸಾಕೆಟ್ ಅನ್ನೂ ಪ್ಲಗಿನ್ ಹಚ್ಚಿರ್ತಾರ. ಸುಡೋ ಹೊಡದು ಸಾಕೆಟ್ ಮ್ಯಾಲೆ ಬಂದಾಂವ ಖರೇನ ಲಿನಕ್ಸ್ ರೂಟ್ ಅದಾನೋ ಇಲ್ಲೋ ಅಷ್ಟ ನೋಡತೈತಿ. ಪಾಸ್‌ವರ್ಡ್ ಏನ್ ಹೊಡದ್ರೂ ಲೆಕ್ಕಕ್ಕಿಲ್ಲ. ತಪ್ಪು ಪಾಸ್‌ವರ್ಡ್‌ಗೆ ಬಾಗಲಾ ತೆರೀತಂದ್ರ ಅದು 5.7 ಅಲ್ಲ ಅಂತ ಅಲ್ಲೇ ತಿಳೀಬೇಕಿತ್ತು. ನಾನೂ ಒಂದ್ ಕಾಲಕ್ಕ ಇದಕ್ಕ ಎರಡು ದಿನ ಕಳದಾಂವನ, ನಗಾಕತ್ತಿಲ್ಲ.

ಏನ್ ಮಾಡ್ರಿ ಅಂದ್ರ, ಹೋಸ್ಟ್ ಜಾಗಾದಾಗ 127.0.0.1 ಅಂತ ಅಂಕಿ ಕೊಡ್ರಿ. ಇಲ್ಲಾ ಪ್ರೋಟೋಕಾಲ್ ಟಿಸಿಪಿ ಅಂತ ಹೇಳ್ರಿ. ಇಲ್ಲಾ ಡ್ಯಾಶ್ ದೊಡ್ಡ ಎಸ್ ಹಾಕಿ 5.7ರ ಸಾಕೆಟ್ ಫೈಲಿನ ಪೂರಾ ದಾರಿ ಕೊಡ್ರಿ. ಒಳಗ ಹೋದ ಕೂಡಲೇ ಬ್ಯಾಕ್‌ಸ್ಲ್ಯಾಶ್ ಎಸ್ ಹೊಡೀರಿ. ಕನೆಕ್ಷನ್ ಅನ್ನೂ ಸಾಲಿನ್ಯಾಗ ಯುನಿಕ್ಸ್ ಸಾಕೆಟ್ ಐತೋ ಟಿಸಿಪಿ ಐಪಿ ಐತೋ ತೋರಸ್ತೈತಿ. ವರ್ಷನ್, ಪೋರ್ಟ್, ಡೇಟಾಡಿರ್ ಮೂರನ್ನೂ ಒಂದ ಸೆಲೆಕ್ಟಿನ್ಯಾಗ ಕೇಳೂ ರೂಢಿ ಇಟ್ಕೋರಿ. ಎರಡು ಸರ್ವರ್ ಇದ್ದ ಮಷೀನ್ ಮ್ಯಾಲೆ ಅದನ್ನ ನೋಡದ ಡಿಲೀಟ್ ಹೊಡೀಬ್ಯಾಡ್ರಿ.

ಪಿಎಚ್‌ಪಿಗೂ ಇದ ನ್ಯಾಯ. ನಿಮ್ಮ ಹುಡುಗ ಕಾನ್ಫಿಗ್‌ನ್ಯಾಗ ಲೋಕಲ್‌ಹೋಸ್ಟ್ ಅಂತ ಬರದಿರ್ತಾನ. ಪೋರ್ಟ್ ಅಷ್ಟ ಬದಲಿಸಿದ್ರ ಅದು ಮತ್ತ 8.0ಕ್ಕ ಹೋಗತೈತಿ. ಅಲ್ಲೂ 127.0.0.1 ಮಾಡ್ರಿ. 5.7ರ ಕಾನ್ಫಿಗ್‌ನ್ಯಾಗ ಸ್ಕಿಪ್ ನೇಮ್ ರಿಸಾಲ್ವ್ ಅಂತ ಬರದಿದ್ರ ತಗೀರಿ, ಅದಿದ್ರ ಲೋಕಲ್‌ಹೋಸ್ಟ್ ಹೆಸರಿಗೆ ಕೊಟ್ಟ ಯೂಸರ್ 127.0.0.1ದಿಂದ ಬಂದ್ರ ಒಳಗ ಬಿಡೂದಿಲ್ಲ.

ಪರ್ಮಿಷನ್ ಡಿನೈಡ್

ಜೊತೆಗೆ ಆಪ್‌ಆರ್ಮರ್ (ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯುವ ಉಬುಂಟುವಿನ ಕಾವಲು) ನೋಡಿಕೊಳ್ಳಿ ಮೇಡಂ. ಡೇಟಾ ಫೋಲ್ಡರ್ ವಾರ್ ಲಿಬ್ ಮೈಎಸ್‌ಕ್ಯೂಎಲ್ ಬಿಟ್ಟು ಬೇರೆ ಕಡೆ ಇದ್ದರೆ, ಚೌನ್ (ಫೈಲಿನ ಒಡೆತನ) ಎಲ್ಲ ಸರಿ ಇದ್ದರೂ ಪರ್ಮಿಷನ್ ಡಿನೈಡ್ ಅನ್ನುತ್ತೆ. ನನ್ನ ಈ ಹೆಸರು ಬಂದಿದ್ದೇ ಅದರಿಂದ.

ಹುಬ್ಬಳ್ಳಿಯಾಂವ

ಅದು ಇವರಿಗೆ ತಗಲೂದಿಲ್ರಿ. ಆಪ್‌ಆರ್ಮರ್ ಪ್ರೊಫೈಲ್ ಕಟ್ಟಿರೂದು ಪ್ರೋಗ್ರಾಮಿನ ದಾರಿಗೆ. ಉಬುಂಟುದ ಪ್ರೊಫೈಲ್ ಯುಎಸ್‌ಆರ್ ಎಸ್‌ಬಿನ್ ಒಳಗಿನ ಮೈಎಸ್‌ಕ್ಯೂಎಲ್‌ಡಿಗೆ. ಮೇಡಮ್ಮರ 5.7 ಒಪಿಟಿಯೊಳಗ ಐತಿ, ಅದನ್ನ ಯಾರೂ ಕಾಯೂದಿಲ್ಲ. ನಾಳೆ 8.0ರ ಡೇಟಾ ಬ್ಯಾರೆ ಡಿಸ್ಕಿಗೆ ಒಯ್ದ್ರ ಮಾತ್ರ ನೀವು ಹೇಳಿದ್ದು ಖರೆ.

ಪರ್ಮಿಷನ್ ಡಿನೈಡ್

ಹೌದು, ನಾನು ಸಿಕ್ಕಿಬಿದ್ದದ್ದು ಆಪ್ಟ್‌ನಿಂದ ಹಾಕಿದ್ದರಲ್ಲೇ. ಸರಿ.

ಲ್ಯಾಬ್‌ಮೇಡಂ

ಅಯ್ಯೋ ದೇವರೇ! 127.0.0.1 ಕೊಟ್ಟ ತಕ್ಷಣ ನಾಯಿ ಹೆಸರಿಗೆ ಆಕ್ಸೆಸ್ ಡಿನೈಡ್ ಅಂತು. ಎರರ್ ನೋಡಿ ಇಷ್ಟು ಖುಷಿಯಾದದ್ದು ಇದೇ ಮೊದಲು. ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟೆ, ಮೊದಲು ಪಾಸ್‌ವರ್ಡ್ ಬದಲಾಯಿಸು ಅಂತು, ಬದಲಾಯಿಸಿದೆ, 5.7.44 ಅಂತ ಬಂತು. ಡಂಪ್ ಹಾಕಿದೆ. ಪಿಎಚ್‌ಪಿ ಕಾನ್ಫಿಗ್‌ನಲ್ಲಿ ಲೋಕಲ್‌ಹೋಸ್ಟೇ ಇತ್ತು ಸರ್, ಕಣಿ ಹೇಳಿದ ಹಾಗೆ ಹೇಳಿದಿರಿ. ರ‍್ಯಾಂಕ್ ಲಿಸ್ಟ್ ತೆರೆಯಿತು.

ಆದರೆ ಬೆಳಗ್ಗೆ ಕರೆಂಟ್ ಹೋಗಿ ಬಂದ ಮೇಲೆ 5.7 ಏಳಲಿಲ್ಲ. ಸಾಕೆಟ್ ಫೈಲಿಗೆ ಅಂತ ರನ್ ಒಳಗೆ ಮಾಡಿದ್ದ ಫೋಲ್ಡರೇ ಮಾಯವಾಗಿತ್ತು. ಕೈಯಲ್ಲಿ ಮತ್ತೆ ಮಾಡಿ ಎಬ್ಬಿಸಿದ್ದೇನೆ. ದಿನಾ ಇದೇ ಕೆಲಸವಾ?

ಇನ್ನೊಂದು. ಆಫೀಸಿನ ಪುಟದಲ್ಲಿ ಮಕ್ಕಳ ಹೆಸರು ಕನ್ನಡದಲ್ಲಿ ಚೆನ್ನಾಗಿ ಕಾಣುತ್ತೆ. ಅದೇ ಟೇಬಲನ್ನು ಟರ್ಮಿನಲ್‌ನಲ್ಲಿ ನೋಡಿದರೆ ಇಂಗ್ಲಿಷಿನ ಎ ಮೇಲೆ ಒಂದು ಓರೆ ಗೀಟು, ಪಕ್ಕದಲ್ಲಿ ಪುಟಾಣಿ 2, ಆಮೇಲೆ ಏನೋ ಚಿಹ್ನೆ. ಮತ್ತೆ ಗೀಟಿನ ಎ, ಪುಟಾಣಿ 3. ಸಾಲು ಪೂರ್ತಿ ಹೀಗೇ. ಮೊದಲು 8.0ಕ್ಕೆ ಹಾಕಿದ್ದಾಗ ಪುಟದಲ್ಲೇ ಹೀಗೆ ಬಂದಿತ್ತು, ಅದು 8.0ರ ದೋಷ ಅಂದುಕೊಂಡಿದ್ದೆ. ಬೇಸಿಗೆ ರಜೆಯಲ್ಲಿ ಎಲ್ಲವನ್ನೂ 8.0ಕ್ಕೆ ತರೋಣ ಅಂತಿದ್ದೆ. ಹೆಸರುಗಳು ಹಾಳಾಗಿವೆಯಾ?

ಹುಬ್ಬಳ್ಳಿಯಾಂವ

ಮೊದಲ ಫೋಲ್ಡರ್. ರನ್ ಅನ್ನೂದು ಡಿಸ್ಕ್ ಅಲ್ರಿ, ಮೆಮೊರಿ. ಕರೆಂಟ್ ಹೋತು, ಅದೂ ಹೋತು. ಮಷೀನ್ ಚಾಲೂ ಆದಾಗ ಸರ್ವರ್ ಎಬ್ಬಸೂದು ಸಿಸ್ಟಂಡಿ, ಅದಕ್ಕ ಯುನಿಟ್ ಫೈಲ್ ಒಂದು ಬರೀರಿ, ಮೈಎಸ್‌ಕ್ಯೂಎಲ್57 ಅಂತ ಹೆಸರ ಇಡ್ರಿ. ಅದರಾಗ ಯೂಸರ್ ಮೈಎಸ್‌ಕ್ಯೂಎಲ್ ಅಂತ ಕೊಟ್ಟು, ರನ್‌ಟೈಮ್‌ಡೈರೆಕ್ಟರಿ ಅನ್ನೂ ಸಾಲಿಗೆ ಆ ಫೋಲ್ಡರ್ ಹೆಸರ ಹಾಕ್ರಿ. ಪ್ರತಿ ಸಲ ಏಳೂವಾಗ ತಾನ ಮಾಡ್ಕೋತೈತಿ. ಸಿಸ್ಟಂಡಿ ಎಬ್ಬಸೂ ಸಾಲಿನ್ಯಾಗೂ ಡಿಫಾಲ್ಟ್ಸ್-ಫೈಲ್ ಮೊದಲ ಇರ್ಲಿ.

ಹೆಸರು ಹಾಳಾಗಿಲ್ರಿ. ಭಾಳ ಮಂದಿ ಇಲ್ಲಿ ಹೆದರಿ ಇದ್ದದ್ದನ್ನೂ ಕೆಡಸ್ಕೋತಾರ, ಸ್ವಲ್ಪ ತಡೀರಿ.

8.0ಕ್ಕಿಂತ ಮೊದಲಿನ ಮೈಎಸ್‌ಕ್ಯೂಎಲ್‌ಗೆ ಡಿಫಾಲ್ಟ್ ಅಕ್ಷರ ಲಿಪಿ ಲ್ಯಾಟಿನ್1, ಒಂದು ಅಕ್ಷರಕ್ಕ ಒಂದ ಬೈಟ್. ನಿಮ್ಮ ಹುಡುಗ ಟೇಬಲ್ ಮಾಡೂವಾಗ ಏನೂ ಹೇಳಿಲ್ಲ, ಕನೆಕ್ಷನ್‌ಗೂ ಹೇಳಿಲ್ಲ. ಬ್ರೌಸರ್ ಕಳಸಿದ್ದು ಯುಟಿಎಫ್-8. ಅದರಾಗ ಕನ್ನಡದ ಒಂದೊಂದು ಅಕ್ಷರಕ್ಕ, ಒಂದೊಂದು ಕಾಗುಣಿತದ ಚಿಹ್ನೆಗೂ, ಮೂರು ಬೈಟ್. ಡೇಟಾಬೇಸು ಆ ಮೂರನ್ನ ಮೂರು ಇಂಗ್ಲಿಷ್ ಅಕ್ಷರ ಅಂತ ತಿಳದು ಇಟ್ಕೊಂತು, ಕೇಳಿದಾಗ ಹಂಗ ವಾಪಸ್ ಕೊಡ್ತು. ಕಳ್ಳ-ಪೊಲೀಸ್ ಇಬ್ಬರೂ ಒಂದ ಸುಳ್ಳು ಹೇಳಿದಂಗ, ಕೇಸ್ ನಿಲ್ಲೂದಿಲ್ಲ. ನೀವು ಕಂಡ ಗೀಟಿನ ಎ ಮತ್ತ ಪುಟಾಣಿ 2 ಕನ್ನಡದ ಮೊದಲ ಎರಡು ಬೈಟ್. ಕನ್ನಡಕ್ಕ ಕೊಟ್ಟ 128 ಜಾಗಾದಾಗ ಮೊದಲ 64ಕ್ಕ ಪುಟಾಣಿ 2 ಬರತೈತಿ, ಉಳದ 64ಕ್ಕ ಪುಟಾಣಿ 3. ಈಗ ಬಳಸೂ ಅಕ್ಷರ ಎಲ್ಲಾ ಮೊದಲಿನ ಅರ್ಧದಾಗ ಅದಾವ, ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನಾ ಎರಡನೇದರಾಗ. 8.0ದಾಗ ಡಿಫಾಲ್ಟ್ ಯುಟಿಎಫ್8ಎಂಬಿ4 ಆತು, ಪಿಎಚ್‌ಪಿ ಕನೆಕ್ಷನ್ನೂ ಅದನ್ನ ಹಿಡೀತು, ಸುಳ್ಳು ಬಯಲಿಗೆ ಬಂತು. ದೋಷ 8.0ದ್ದಲ್ಲ.

ರಜಾದಾಗ ತರೂವಾಗ ಹಿಂಗ ಮಾಡ್ರಿ. 5.7ರ ಜೋಡಿ ಬಂದ ಮೈಎಸ್‌ಕ್ಯೂಎಲ್‌ಡಂಪ್‌ನ ಹಚ್ಚರಿ, 8.0ದ್ದು ಬ್ಯಾಡ. ಅದು 5.7ದಾಗ ಇಲ್ಲದ ಕಾಲಂ ಸ್ಟಾಟಿಸ್ಟಿಕ್ಸ್ ಟೇಬಲ್ ಕೇಳಿ ಬೀಳತೈತಿ. ಡಂಪಿಗೆ ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಅನ್ರಿ, ಸ್ಕಿಪ್ ಸೆಟ್ ಚಾರ್‌ಸೆಟ್ ಅನ್ರಿ. ಆಗ ಬೈಟು ಇದ್ದದ್ದು ಇದ್ದಂಗ ಹೊರಗ ಬರ್ತಾವ. ಫೈಲ್ ತೆರದ್ರ ಸ್ವಚ್ಛ ಕನ್ನಡ ಕಾಣಬೇಕು. ಕಂಡ್ರ ಅರ್ಧ ಕೆಲಸ ಆತು. ಟೇಬಲ್ ಮಾಡೂ ಸಾಲಿನ್ಯಾಗ ಲ್ಯಾಟಿನ್1 ಇದ್ದಲ್ಲೆ ಯುಟಿಎಫ್8ಎಂಬಿ4 ಮಾಡ್ರಿ, ಆಮ್ಯಾಲೆ 8.0ಕ್ಕ ಯುಟಿಎಫ್8ಎಂಬಿ4 ಅಂತ ಹೇಳಿ ಹಾಕ್ರಿ.

ಒಂದು ಮಾತ್ರ ಮಾಡಬ್ಯಾಡ್ರಿ. ಡಂಪ್ ಯಾಕ, 5.7ರ ಡೇಟಾ ಫೋಲ್ಡರ್ ಮ್ಯಾಲೆ ಸೀದಾ 8.0 ಎಬ್ಬಸಿಬಿಡೂನು ಅಂತ ಅನಸ್ತೈತಿ. ನಾ ಒಂದು ಸೊಸೈಟಿದಾಗ ಹಂಗ ಮಾಡೀನಿ. ಬ್ಯಾರೆ ಮಾಡಬೇಕಂತ ಅಲ್ಲ, ಎರಡು ಕಾನ್ಫಿಗ್ ತೆರದಿಟ್ಕೊಂಡು ಡೇಟಾಡಿರ್ ಸಾಲು ಒಂದರಾಗಿಂದ ಇನ್ನೊಂದಕ್ಕ ಪೇಸ್ಟ್ ಆಗಿತ್ತು. 8.0 ಎದ್ದಿದ್ದ ತಡ, ಎಲ್ಲಾ ತನ್ನ ನಮೂನಿಗೆ ತಿದ್ದಿಬಿಡ್ತು, 5.7 ಟೇಬಲ್ ರಚನಾ ಇಡೂ ಎಫ್‌ಆರ್‌ಎಂ ಫೈಲ್ ಒಂದೂ ಉಳೀಲಿಲ್ಲ. ಮತ್ತ 5.7 ಅದನ್ನ ಮುಟ್ಟಲೇ ಇಲ್ಲ, ವಾಪಸ್ ಬರೂ ದಾರಿ ಇಲ್ಲದ ಹಾದಿ ಅದು. ಹಿಂದಿನ ರಾತ್ರಿ ಡಂಪ್ ಇತ್ತು, ಅವತ್ತಿನ ಹಾಲಿನ ಲೆಕ್ಕ ಮೂರು ಮಂದಿ ಕುಂತು ಚೀಟಿ ನೋಡಿ ಮತ್ತ ಹೊಡದ್ವಿ. ನನಗ ಅವತ್ತು ಚಹಾನೂ ಯಾರೂ ಕೊಡಲಿಲ್ಲ.

ಮತ್ತ 5.7ಕ್ಕ 2023ರ ಅಕ್ಟೋಬರ್‌ಗೆ ಸಪೋರ್ಟ್ ಮುಗದೈತಿ, ನಿಮ್ಮ 5.7.44 ಕಡೀ ಬಿಡುಗಡೆ. ಬೈಂಡ್ ಅಡ್ರೆಸ್ 127.0.0.1 ಇರ್ಲಿ, ಲ್ಯಾಬಿನ ಬ್ಯಾರೆ ಮಷೀನ್‌ದಿಂದ 3307 ಕಾಣಬಾರ್ದು.

ಡಬ್ಬಿರಾಯ

ಹಾಲಿನ ಲೆಕ್ಕ 😄 ಸರ್, ಡಾಕರ್ ಆಗಿದ್ದರೆ ವಾಲ್ಯೂಮ್ ಬೇರೆ ಇರ್ತಿತ್ತು.

ಹುಬ್ಬಳ್ಳಿಯಾಂವ

ಇಮೇಜಿನ ಟ್ಯಾಗ್ 5.7 ಇದ್ದದ್ದನ್ನ 8.0 ಮಾಡಿ, ವಾಲ್ಯೂಮ್ ಅದ ಇಟ್ಟು ಎಬ್ಬಸಿ ನೋಡು ತಮ್ಮಾ, ಆಮ್ಯಾಲೆ ಹೇಳು.

ಡಬ್ಬಿರಾಯ

ಒಪ್ಪಿದೆ 🙏

ಲ್ಯಾಬ್‌ಮೇಡಂ

ಸರ್, ರಜೆವರೆಗೂ ಕಾಯಲು ಮನಸ್ಸಾಗಲಿಲ್ಲ. ಪ್ರಯೋಗಕ್ಕೆ ಅಂತ ನೀವು ಹೇಳಿದ ಹಾಗೆ ಡಂಪ್ ತೆಗೆದೆ. ಫೈಲಿನಲ್ಲಿ ಅಚ್ಚ ಕನ್ನಡ! 8.0ಕ್ಕೆ ಬೇರೆ ಹೆಸರಿನ ಡೇಟಾಬೇಸ್ ಮಾಡಿ ಹಾಕುವಾಗ 1366 ಅಂತ ನಿಂತುಹೋಯಿತು, ತಪ್ಪು ಸ್ಟ್ರಿಂಗ್ ವ್ಯಾಲ್ಯೂ ಅಂತೆ. ಆ ಸಾಲು ನೋಡಿದರೆ ಇನಿಷಿಯಲ್ ಇರುವ ಹುಡುಗನ ಹೆಸರು, ಕೊನೆಯಲ್ಲಿ ಒಂದು ಪ್ರಶ್ನೆ ಚಿಹ್ನೆಯ ಡಬ್ಬಿ.

ಈಗ ನನಗೇ ಅರ್ಥವಾಯಿತು ಅನ್ನಿಸುತ್ತೆ, ಸರಿಯಾ ಹೇಳಿ. ಹೆಸರಿನ ಕಾಲಂ ವಾರ್‌ಚಾರ್ 30. ಲ್ಯಾಟಿನ್1ರಲ್ಲಿ ಅಂದರೆ 30 ಬೈಟ್, ಅಂದರೆ ಕನ್ನಡದ ಹತ್ತೇ ಹತ್ತು ಅಕ್ಷರ-ಚಿಹ್ನೆ. ಮಲ್ಲಿಕಾರ್ಜುನ ಅಂದರೆ ಕೊಂಬು, ಒತ್ತು ಎಲ್ಲ ಸೇರಿ ಹನ್ನೆರಡು. 5.5 ಇದ್ದ ಕಾಲದಲ್ಲಿ ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸಿ ಇಟ್ಟುಕೊಂಡಿದೆ. ನಮ್ಮಲ್ಲಿ ಆಗಿನ ಮಾರ್ಕ್ಸ್ ಶೀಟ್‌ಗಳಲ್ಲಿ "ಮಲ್ಲಿಕಾರ್ಜ" ಅಂತಲೇ ಪ್ರಿಂಟ್ ಆಗುತ್ತಿತ್ತು, ನಾವು ಟೈಪ್ ಮಾಡಿದವರನ್ನು ಬೈಯುತ್ತಿದ್ದೆವು! ಹೆಸರು ಬರೀ ಕನ್ನಡ ಆಗಿದ್ದರೆ ಮೂರರ ಲೆಕ್ಕಕ್ಕೆ ಸರಿಯಾಗಿ ಕತ್ತರಿಸುತ್ತೆ. ಇನಿಷಿಯಲ್ ಇದ್ದರೆ ಚುಕ್ಕಿ, ಜಾಗ ಒಂದೊಂದೇ ಬೈಟ್ ಆದ್ದರಿಂದ ಕತ್ತರಿ ಅಕ್ಷರದ ನಡುವೆ ಬೀಳುತ್ತೆ. ಆ ಅರ್ಧ ಅಕ್ಷರವನ್ನೇ 8.0 ಒಪ್ಪುತ್ತಿಲ್ಲ.

2019ರ ನಂತರದವರ ಹೆಸರು ಯಾಕೆ ಅರ್ಧಂಬರ್ಧ ಇಂಗ್ಲಿಷಿನಲ್ಲಿದೆ ಅನ್ನುವುದೂ ಗೊತ್ತಾಯಿತು. 5.7 ಬಂದ ಮೇಲೆ ಉದ್ದದ ಹೆಸರು ಸೇವ್ ಆಗಲ್ಲ, ಎರರ್ ಬರುತ್ತೆ ಅಂತ ಆಫೀಸಿನವರು ಹೇಳುತ್ತಲೇ ಇದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹುಬ್ಬಳ್ಳಿಯಾಂವ

ಪೂರಾ ಖರೆ. 5.7ದಾಗ ಸ್ಟ್ರಿಕ್ಟ್ ಮೋಡ್ ಡಿಫಾಲ್ಟ್ ಇರತೈತಿ, ಕತ್ತರಸೂ ಬದ್ಲಿ ಒಲ್ಲೆ ಅಂತೈತಿ. ಹೊಸಾ ಟೇಬಲ್‌ನ್ಯಾಗ ವಾರ್‌ಚಾರ್ 100 ಮಾಡ್ರಿ. ಯುಟಿಎಫ್8ಎಂಬಿ4ದಾಗ ಲೆಕ್ಕ ಬೈಟಿಂದಲ್ಲ, ಅಕ್ಷರದ್ದು. ಆದ್ರ ಕತ್ತರಿಸಿ ಹೋದದ್ದು ಯಾವ ಕಮಾಂಡಿಗೂ ವಾಪಸ್ ಬರೂದಿಲ್ರಿ, ಕೈಲೇ ತಿದ್ದಬೇಕು.

ಲ್ಯಾಬ್‌ಮೇಡಂ

ಹಳೆಯ ಅಡ್ಮಿಷನ್ ರಿಜಿಸ್ಟರ್ ಆಫೀಸಿನಿಂದ ತಂದಿದ್ದೇನೆ. 30 ಬೈಟ್ ತುಂಬಿದ ಹೆಸರು ಎಷ್ಟು ಅಂತ ಎಣಿಸಿದೆ, 5.7ರ ಪೋರ್ಟ್‌ನಲ್ಲೇ, ವರ್ಷನ್ ಮೊದಲು ಕೇಳಿ. 213. ಇವತ್ತು 2014ನೇ ಸಾಲಿನವರದ್ದು ಮುಗಿಯಿತು.